ತಾತನ ಪೆನ್ನಿಗೆ ಹೆದರಿದ ವಾರ್ಡು

ಜೂನ್ 3, ಮಧ್ಯಾಹ್ನ

ಡ್ರೆಸ್ಸಿಂಗ್ ಟ್ರಾಲಿ ತುಂಬಿಸುತ್ತಿದ್ದೆ. ಸೋಂಕು ನಿಯಂತ್ರಣದ ಮೇಡಂ ಪಕ್ಕಕ್ಕೆ ಕರೆದರು. ನಮ್ಮ ವಾರ್ಡಿನಲ್ಲಿ ಆಪರೇಷನ್ ಆದ ನಾಲ್ವರ ಗಾಯದಲ್ಲಿ ಒಂದೇ ಬಗೆಯ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ. ಲ್ಯಾಬ್ ರಿಪೋರ್ಟಿನಲ್ಲಿ ಹತ್ತು ಆ್ಯಂಟಿಬಯಾಟಿಕ್ ಹೆಸರು. ಎಂಟಕ್ಕೆ ಅದು ಜಗ್ಗುವುದೇ ಇಲ್ಲ. ಹರಡುತ್ತಿರುವುದು ನಮ್ಮ ಕೈಗಳಿಂದ. ಯಾರು ಇಪ್ಪತ್ತು ಸೆಕೆಂಡು ಕೈ ತೊಳೆಯುತ್ತಾರೆ, ಯಾರು ಇಲ್ಲ — ನಾನು ಗುಟ್ಟಾಗಿ ಎಣಿಸಬೇಕಂತೆ.

"ಯಾರಿಗೂ ಗೊತ್ತಾಗ್ಬಾರದು ಸಿಸ್ಟರ್. ಗೊತ್ತಾದ್ರೆ ನಾಟಕ ಶುರುವಾಗುತ್ತೆ."

ಜೂನ್ 4

ದೊಡ್ಡ ಡಾಕ್ಟರು ಮುಟ್ಟಿದ್ದು ಹದಿನೆಂಟು ರೋಗಿಗಳನ್ನು. ಕೈ ತೊಳೆದದ್ದು ಸೊನ್ನೆ. ಆಪರೇಷನ್ ಥಿಯೇಟರಿನಲ್ಲಿ ಉಜ್ಜಿ ಉಜ್ಜಿ ತೊಳೆಯುವ ಮನುಷ್ಯನಿಗೆ ವಾರ್ಡಿಗೆ ಬಂದರೆ ಮರೆತೇ ಹೋಗುತ್ತದೆ. ಮೈಯೆಲ್ಲ ಉರಿದುಹೋಯಿತು. ಹದಿನೈದಕ್ಕೆ ನಮ್ಮಕ್ಕನ ಮಂಡಿ ಆಪರೇಷನ್. ಇದೇ ವಾರ್ಡು, ಇದೇ ಕೈ.

ಜೂನ್ 6

ಯಾರೋ ಎಣಿಸುತ್ತಿದ್ದಾರೆ ಅನ್ನುವ ಸುದ್ದಿ ಸೋರಿದೆ. ನಾನಲ್ಲ, ದೇವರಾಣೆ. ಭಾವನಿಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಅನುಮಾನ ಆರನೇ ಬೆಡ್ಡಿನ ಅಜ್ಜಿಯ ಗಂಡನ ಮೇಲೆ! ಪಾಪ, ಬೆಳಗಿನಿಂದ ಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸುತ್ತಿರುತ್ತಾರೆ. ಯೋಚನೆ ಬಂದಾಗ ತಲೆ ಎತ್ತುತ್ತಾರೆ, ಪೆನ್ನು ಎತ್ತುತ್ತಾರೆ... ಅಷ್ಟೇ. ಇಡೀ ವಾರ್ಡು ನಲ್ಲಿಯ ಕಡೆ ಓಟ.

ಜೂನ್ 9

ದೊಡ್ಡ ಡಾಕ್ಟರೂ ತೊಳೆದರು! ಒದ್ದೆ ಕೈ ತಾತನ ಮುಖದ ಮುಂದೆ ಚಾಚಿ, "ಆಯ್ತಲ್ಲ ಸಾರ್?" ಅಂದರು. ತಾತ ಕಕ್ಕಾಬಿಕ್ಕಿ. ಆಮೇಲೆ ನನ್ನನ್ನು ಕರೆದು:

"ಇಲ್ಲಿ ಎಲ್ರೂ ನನಗ್ಯಾಕಮ್ಮ ಕೈ ತೋರಿಸ್ತಾರೆ? ನಾನೇನು ಜ್ಯೋತಿಷಿನಾ?"

ನಗು ತಡೆಯಲಾಗದೆ ಸ್ಟೋರ್ ರೂಮಿಗೆ ಓಡಿದೆ.

ಜೂನ್ 14

ಐದು ದಿನದಿಂದ ಹೊಸ ಸೋಂಕಿಲ್ಲ. ಆದರೆ ಅಜ್ಜಿಗೆ ಇವತ್ತು ಡಿಸ್ಚಾರ್ಜ್. ಇನ್ನೊಂದು ವಾರ ಬಂದು ಸುಮ್ಮನೆ ಕೂತಿರಿ ಅಂತ ತಾತನನ್ನು ಗೋಗರೆದೆ.

"ಹೆಂಡತಿ ಮನೇಲಿ, ನಾನು ಆಸ್ಪತ್ರೇಲಿ ಸಿಸ್ಟರುಗಳ ಮಧ್ಯೆ. ಅವಳು ಬಿಡ್ತಾಳೇನಮ್ಮ?"

ಹೊರಟೇಬಿಟ್ಟರು. ಸಂಜೆ ರೌಂಡ್ಸ್: ದೊಡ್ಡ ಡಾಕ್ಟರು, ಸೊನ್ನೆ. ಅಕ್ಕನದು ನಾಳೆ. ಭಯವಾಗುತ್ತಿದೆ.

ಜೂನ್ 17, ಬೆಳಿಗ್ಗೆ 9.50

ಆಪರೇಷನ್ ಚೆನ್ನಾಗಿಯೇ ಆಯಿತು. ಇವತ್ತು ಮೊದಲ ಸಲ ಬ್ಯಾಂಡೇಜು ಬಿಚ್ಚುವುದು. ದೊಡ್ಡ ಡಾಕ್ಟರು ಸೋಂಕಿನವರ ಕೋಣೆಯಿಂದ ಹೊರಬಂದು ನೇರ ಅಕ್ಕನ ಬೆಡ್ಡಿಗೆ ಬಂದರು. ಮಂಡಿಗೆ ಕೈ ಚಾಚಿದರು.

"ಸಾರ್, ಕೈ!"

ಅಂದದ್ದು ನನ್ನ ಬಾಯೇ. ಡಾಕ್ಟರು ನನ್ನ ಕಡೆ ತಿರುಗಿದರು.

"ಏನಂದ್ರಿ?"

"ಕೈ ತೊಳೀರಿ ಸಾರ್. ಆ ತಾತ ಅಲ್ಲ, ಎಣಿಸ್ತಿರೋದು ನಾನು."

ಅಕ್ಕ ಮಲಗಿದ್ದಲ್ಲಿಂದಲೇ ಕೈ ಮುಗಿದಳು. "ಇವಳಿಗೆ ತಲೆ ಕೆಟ್ಟಿದೆ ಡಾಕ್ಟ್ರೇ, ಬೇಜಾರಾಗ್ಬೇಡಿ. ಆದ್ರೂ ಒಂದ್ಸಲ ತೊಳ್ಕೊಂಬಿಡಿ."

ತೊಳೆದರು, ಮುಖ ಕೆಂಪಗೆ ಮಾಡಿಕೊಂಡು. ಬಿಚ್ಚಿ ನೋಡಿದರು. ಗಾಯ ಸ್ವಚ್ಛ. ಕೀವಿಲ್ಲ. ನನಗೆ ಅಳುವೇ ಬಂತು. ಹೋಗುವಾಗ, "ಹತ್ತು ಗಂಟೆಗೆ ನನ್ನ ರೂಮಿಗೆ ಬನ್ನಿ."

ಈಗ ಅವರ ರೂಮಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಕೆಲಸ ಹೋದರೂ ಹೋಗಬಹುದು. ಒಳಗೆ ರೋಗಿಯೊಬ್ಬರನ್ನು ನೋಡುತ್ತಿದ್ದಾರೆ. ಈಗ ಮಾತು ನಿಂತಿತು. ನಲ್ಲಿ ತಿರುಗಿಸಿದ ಸದ್ದು. ಹರಿಯುತ್ತಿದೆ... ಇನ್ನೂ ಹರಿಯುತ್ತಿದೆ... ಹದಿನೈದು, ಹದಿನಾರು, ಹದಿನೇಳು —