ತಾಯಿಚಿಟ್ಟೆಯ ಸಾಕ್ಷಿ

3-7-1944, ಸೋಮವಾರ. ಹೊಸಕೋಟೆ

ಬೆಳಿಗ್ಗೆಯಿಂದ ನೂರ ಹತ್ತು ತಾಯಿಚಿಟ್ಟೆ. ಒಂದೊಂದನ್ನೂ ಅರೆದು, ಒಂದು ಹನಿ ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು... ಬಲಗಣ್ಣು ಉರಿಯುತ್ತಿದೆ. ರೇಷ್ಮೆಹುಳುವನ್ನು ಕೊಲ್ಲುವ ಗಂಟುರೋಗ ಎಲ್ಲೂ ಇಲ್ಲ. ತಾಯಿಗೆ ರೋಗವಿದ್ದರೆ ಮೊಟ್ಟೆಗೂ ಬರುತ್ತದೆ. ಅದಕ್ಕೇ ರೇಷ್ಮೆಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ನೋಡುವುದು. ರೈತರಿಗೆ ರೇಷ್ಮೆಮೊಟ್ಟೆ ಕೊಡುವ ಈ ಬಿತ್ತನೆ ಕೋಠಿಯಲ್ಲಿ ಆರು ವರ್ಷದಿಂದ ನನ್ನ ಕೆಲಸ ಇಷ್ಟೇ.

ಆದರೂ ಬೇಸರ ಬಂದಿಲ್ಲ. ಏನು ಕುಸುರಿ! ಚಿಟ್ಟೆಗೆ ಉಣ್ಣುವ ಬಾಯಿಲ್ಲ — ಬೇಕಿಲ್ಲ, ಬದುಕೇ ನಾಲ್ಕು ದಿನ. ರೆಕ್ಕೆಯಿದೆ, ಹಾರುವುದಿಲ್ಲ — ಹಾರಿಹೋದರೆ ನಮಗೆ ಸಿಕ್ಕುವುದು ಹೇಗೆ? ಯೋಚಿಸಿ ಮಾಡಿದ ಕೆಲಸ. ಮಾಡಿದವನೊಬ್ಬ ಇರಲೇಬೇಕು. ಹೈಸ್ಕೂಲಿನ ಬೈಲಪ್ಪ ಮೇಷ್ಟ್ರು ತಮ್ಮ ವಿಜ್ಞಾನ ಪತ್ರಿಕೆಗೆ ಲೇಖನ ಕೇಳಿದ್ದಾರೆ. ಹೆಸರು ಸಿಕ್ಕಿತು: ‘ಸೃಷ್ಟಿಕರ್ತನಿಗೆ ವಿಜ್ಞಾನದ ರುಜುವಾತು’. ಎರಡು ಪುಟ ಆಯಿತು. ಓದಿಕೊಂಡೆ. ಭೇಷ್ ಅಂತ ನಾನೇ ಹೇಳಿಕೊಂಡೆ, ಬೇರೆ ಯಾರೂ ಇರಲಿಲ್ಲ.

5-7, ಬುಧವಾರ

ಜಡಿಗೇನಹಳ್ಳಿ ಕಡೆಯಿಂದ ಮುನಿತಾಯಮ್ಮ ಅಂತ ಒಬ್ಬರು ಬಂದಿದ್ದರು. ಅರವತ್ತರ ಹತ್ತಿರ ವಯಸ್ಸು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದರಂತೆ. ಒಳಗೆ ನೂರು ಗೂಡು. “ನಮ್ಮತ್ತೆ ಕೈಯಿಂದ ಬಂದ ತಳಿ ಸ್ವಾಮಿ. ನಲವತ್ತು ವರ್ಸದಿಂದ ಹೊರಗಿನ್ ಮೊಟ್ಟೆ ಒಂದೂ ಮನೆಗೆ ತಂದಿಲ್ಲ. ಹೋದ್ ಬೆಳೇಲಿ ನಾಕ್ನೇ ಜ್ವರಕ್ಕೆ ಮಲಗಿದ್ ಹುಳ ಅರ್ಧ ಏಳ್ಲೇ ಇಲ್ಲ. ಈ ತಳಿ ಉಳಿಸ್ಕೊಡಿ.”

ಹುಳು ಪೊರೆ ಬಿಡುವುದಕ್ಕೆ ಇವರು ಜ್ವರ ಅನ್ನುತ್ತಾರೆ. ಜ್ವರ ಬಂದರೆ ಸಂತೋಷಪಡುವ ಜನ ಲೋಕದಲ್ಲಿ ಇವರೊಬ್ಬರೇ ಇರಬೇಕು.

ಸಮಾಧಾನಕ್ಕೆಂದು ನನ್ನ ರೆಕ್ಕೆಯ ವಾದ ಹೇಳಿದೆ. ನಕ್ಕುಬಿಟ್ಟರು. “ದೇವ್ರು ಮಾಡಿಲ್ಲ ಅಂತ ನಾನ್ಯಾಕಂದೇನು? ಆದ್ರೆ ಹಾರೋವೆಲ್ಲ ಹಾರ್ಕೊಂಡ್ ಹೋದ್ವು ಸ್ವಾಮಿ. ಕೂತಿದ್ದವನ್ನ ನಾವು ಬಿತ್ನೆಗೆ ಇಟ್ಕೊಂಡ್ವಿ. ನಮ್ಮತ್ತೆ, ಅವರತ್ತೆ, ಅವರತ್ತೆ...”

ನನ್ನ ಲೇಖನದ ಎರಡನೆಯ ಪುಟದಲ್ಲಿ ಅರ್ಧ ಹೋಯಿತು.

9-7, ಭಾನುವಾರ

ಬೈಲಪ್ಪ ಮೇಷ್ಟ್ರ ಮನೆ. ಲೇಖನ ಓದಿ ಕನ್ನಡಕ ತೆಗೆದರು. “ನರಸಿಂಹಯ್ಯ, ಲೆನ್ಸಲ್ಲಿ ಏನ್ ಕಂಡ್ರೆ ‘ಇಲ್ಲ, ನಾನು ಹೇಳಿದ್ದು ತಪ್ಪು, ಇದನ್ನ ಯಾರೂ ಯೋಚ್ಸಿ ಮಾಡಿಲ್ಲ’ ಅಂತ ಒಪ್ಕೋತೀಯ?”

“ಏನ್ ಕಂಡ್ರೂ ಒಪ್ಪಲ್ಲ ಸಾರ್” — ಎದೆಯುಬ್ಬಿಸಿ ಹೇಳಿದೆ.

“ಹಂಗಾದ್ರೆ ಅದು ಭಕ್ತಿ ಕಣಯ್ಯ. ಬೇಡ ಅನ್ನಲ್ಲ, ನಾನೂ ಸಂಜೆ ದೀಪ ಹಚ್ತೀನಿ. ವಿಜ್ಞಾನದ ರುಜುವಾತು ಅಂತ ಮಾತ್ರ ಬರೀಬೇಡ.”

ಸಿಟ್ಟು ನೆತ್ತಿಗೇರಿತು. ಕಾಫಿ ಮುಟ್ಟದೆ ಎದ್ದು ಬಂದೆ.

15-7, ಶನಿವಾರ

ಮುನಿತಾಯಮ್ಮನ ಗೂಡಿನಿಂದ ಬಂದ ಹೆಣ್ಣು ಚಿಟ್ಟೆ ನಲವತ್ತೊಂದು. ನಿನ್ನೆ ಮೊಟ್ಟೆಯಿಟ್ಟಿವೆ, ಒಂದೊಂದರದೂ ಬೇರೆ ಬೇರೆ ಹಾಳೆಯ ಮೇಲೆ. ಇವತ್ತು ನೋಡಲು ಕೂತೆ.

ಮೊದಲನೆಯದು — ಗಂಟು. ಎರಡನೆಯದು — ಗಂಟು. ಇಪ್ಪತ್ತು ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ.

ಆ ರೋಗದ ಕಣಕ್ಕೆ ಅಕ್ಕಿಕಾಳಿನ ಆಕಾರ, ಒಳಗೆ ದೀಪವಿಟ್ಟ ಹಾಗೆ ಹೊಳಪು. ಎಷ್ಟು ಚೆಂದ! ಚೆಂದ ಎಂದು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಸುಳ್ಳಲ್ಲ. ಚಿಟ್ಟೆಯ ರೆಕ್ಕೆ ಯೋಚಿಸಿ ಮಾಡಿದ್ದಾದರೆ ಇದೂ ಯೋಚಿಸಿ ಮಾಡಿದ್ದೇ. ಹುಳು ಬದುಕಿದರೂ ನನ್ನ ವಾದ ಸರಿ, ಹುಳು ಸತ್ತರೂ ಸರಿ. ಯಾವ ಮೊಟ್ಟೆ ಸುಡಬೇಕು, ಯಾವುದನ್ನು ಉಳಿಸಬೇಕು ಅಂತ ಮಾತ್ರ ಅದು ಹೇಳುವುದಿಲ್ಲ. ಅದನ್ನು ಹೇಳುವುದು ಈ ಒಂದು ಹನಿ. ಹೌದು ಅಂತಲೂ ಹೇಳಬಲ್ಲದು, ಇಲ್ಲ ಅಂತಲೂ ಹೇಳಬಲ್ಲದು... ಮೇಷ್ಟ್ರು ಹೇಳಿದ್ದು ಇದನ್ನೇ ಏನೋ.

ಕಣ್ಣು ಸೋತಿತು. ಇನ್ನು ಇಪ್ಪತ್ತೊಂದು ಉಳಿದಿವೆ. ಆಕೆಗೆ ಹೇಳಿಕಳಿಸಿದ್ದೇನೆ. ಆಕೆಯ ಎದುರಿಗೇ ನೋಡುವುದು.

16-7, ಭಾನುವಾರ

ಮುನಿತಾಯಮ್ಮ ಮೊದಲ ಬಸ್ಸಿಗೇ ಬಂದರು. ಗಂಟು ತೋರಿಸಿದೆ. ಲೆನ್ಸಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. “ಎಷ್ಟು ಲಕ್ಷಣವಾಗೈತೆ ಸ್ವಾಮಿ, ಪಾಪಿ ಮುಂಡೇದು!”

ಆಮೇಲೆ ಒಂದೊಂದೇ. ಗಂಟು. ಗಂಟು. ಇಪ್ಪತ್ತೊಂಬತ್ತನೆಯದು — ಸ್ವಚ್ಛ! ಮೂರು ಸಲ ನೋಡಿದೆ. ಸ್ವಚ್ಛ. ಮೂವತ್ತಾರನೆಯದೂ.

ಮೂವತ್ತೆಂಟರಲ್ಲಿ ಒಂದೇ ಒಂದು ಚುಕ್ಕೆ. ಹೊಳೆಯಿತೋ ಇಲ್ಲವೋ. ಧೂಳಿರಬಹುದು. ಗಾಜು ಸರಿಸಿದೆ, ತಿರುಪು ತಿರುಗಿಸಿದೆ. ಸ್ವಚ್ಛ ಅಂತ ಬರೆಯಲು ಪೆನ್ನನ್ನೂ ಎತ್ತಿದ್ದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

“ಏನ್ ಸ್ವಾಮಿ?”

“ಒಂದು ಚುಕ್ಕೆ. ಧೂಳಿರ್ಬೌದು ತಾಯಿ.”

“ಧೂಳೇ ಆಗ್ಲಿ ಅಂತ ನಿಮಗಾಸೆ. ನನಗೂ ಆಸೆ. ಆಸೆ ಇದ್ ಕಣ್ಣನ್ನ ನಂಬ್ಬಾರ್ದು. ಅದ್ಕೇ ಸುಡಿ.”

ಉಳಿದ ಮೂರರಲ್ಲೂ ಗಂಟು. ಮೂವತ್ತೊಂಬತ್ತು ಹಾಳೆಗಳನ್ನು ಆಕೆಯೇ ಒಲೆಗೆ ಹಾಕಿದರು. ಕಣ್ಣು ತುಂಬಿತ್ತು. ಎಂಥ ಹೆಂಗಸು! ಇಲಾಖೆಯ ಪರೀಕ್ಷೆ ಪಾಸು ಮಾಡಿದವನು ನಾನು. ವಿಜ್ಞಾನ ಇದ್ದದ್ದು ಆಕೆಯ ಹತ್ತಿರ.

ಸಂಜೆ ಮೇಷ್ಟ್ರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಲೇಖನದ ಹೆಸರು ಹೊಡೆದುಹಾಕಿದೆ. ಕೈ ಮುಗಿಯುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ರುಜುವಾತು ಅನ್ನುವುದನ್ನು ಬಿಟ್ಟೆ. ನೋಡಿದ್ದನ್ನಷ್ಟೇ ಬರೆಯುತ್ತೇನೆ. ಬೆರಗು ಅದರಲ್ಲೇ ಬೇಕಾದಷ್ಟಿದೆ.

ಎರಡೇ ಹಾಳೆ. ಅವೂ ಮರಿಯಾಗದಿದ್ದರೆ ನಲವತ್ತು ವರ್ಷ ಅಲ್ಲಿಗೆ ಮುಗಿಯಿತು.

25-7, ಮಂಗಳವಾರ. ಬೆಳಿಗ್ಗೆ ಆರೂವರೆ

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು — ದಿನಕ್ಕೆ ಹತ್ತು ಸಲ ಆ ಎರಡು ಹಾಳೆ ನೋಡಿದ್ದೇ ನೋಡಿದ್ದು. ನಿನ್ನೆ ಮೊಟ್ಟೆಗಳು ನೀಲಿಗಟ್ಟಿದವು, ಮರುದಿನ ಮರಿ ಒಡೆಯುವ ಗುರುತು. ಮುನಿತಾಯಮ್ಮ ಸಂಜೆಯೇ ಬಂದು ಇಲ್ಲೇ ಊರಿನಲ್ಲಿರುವ ತಂಗಿಯ ಮನೆಯಲ್ಲಿ ಉಳಿದರು. ಕೋಠಿಯ ಬೀಗ ತೆಗೆಯುವುದಕ್ಕೂ ಮುಂಚೆ ಬಾಗಿಲಲ್ಲಿ ನಿಂತಿದ್ದರು, ಸೆರಗಿನಲ್ಲಿ ಎಳೆಯ ಹಿಪ್ಪುನೇರಳೆ ಎಲೆ.

ಹಾಳೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತನೆಯದು ಸುಮ್ಮನಿದೆ. ಮೂವತ್ತಾರರ ಅಂಚಿನಲ್ಲಿ ಏನೋ ಕಪ್ಪಗೆ, ಕೂದಲೆಳೆಯಷ್ಟು... ಹುಳುವೇ ಆಗಲಿ ಅಂತ ನನಗೆ ಆಸೆ. ಆದ್ದರಿಂದ ನಾನು ಹೇಳುವುದಿಲ್ಲ. ಆಕೆ ಹೇಳಲಿ.

ಆಕೆ ಬಗ್ಗಿ ನೋಡುತ್ತಿದ್ದಾರೆ. ಇನ್ನೂ ಬಗ್ಗಿದರು. ಬಾಯಿಗೆ ಸೆರಗು ಒತ್ತಿಕೊಂಡರು.

“ಬರಿಯೋದ್ ಬಿಟ್ ಬನ್ನಿ ಸ್ವಾಮಿ, ಎಲೆ ಹೆಚ್ಕೊಡಿ. ಹಸ್ಕೊಂಡವ್ರೆ ಇವರೆಲ್ಲ —”