ಎರಡು ಸಲ ತಿರುಗಿದ ಬಾಣ

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 6.30

ಸ್ಕೋರರ್ ಟೇಬಲ್ ಮೇಲಿಡುವ ಹಳೆಯ ಬಾಣದ ಮೂಲೆ ಮುದುಡಿದೆ. ಶೂ ಡಬ್ಬದ ರಟ್ಟಿನಲ್ಲಿ ಹೊಸದು ಕತ್ತರಿಸಿ, ಕೆಂಪು ಬಣ್ಣ ಬಳಿದು ಒಣಗಲು ಇಟ್ಟೆ. ಅಷ್ಟರಲ್ಲಿ ಉಪ್ಪಿಟ್ಟು ತಳ ಹಿಡಿಯಿತು. ಇರಲಿ.

ನಾಳೆ ಹುಡುಗಿಯರ ಬಾಸ್ಕೆಟ್‌ಬಾಲ್, ಜಿಲ್ಲಾ ಫೈನಲ್. ನಂಜನಗೂಡು – ಟಿ. ನರಸೀಪುರ. ನಂಜನಗೂಡಿನ ನಮ್ಮ ಸ್ಕೂಲಿನ ಮಕ್ಕಳೇ ಆಡುವಾಗ ನಾನು ಸ್ಕೋರರ್ ಆಗಿ ಕೂರುವುದು ಸರಿಯಲ್ಲ ಅಂದೆ. ಬೇರೆ ಯಾರೂ ಇಲ್ಲವಂತೆ. ಆ ಕಡೆಯ ಪಿ.ಟಿ. ಟೀಚರ್ ಇಂದ್ರಾಣಿಯೇ ಕೂರು ಅಂದಳು. ಕಾಲೇಜಿನಲ್ಲಿ ನನ್ನ ಜೊತೆ ಆಡಿದವಳು. "ಟೇಬಲ್‌ನಲ್ಲಿ ನೀನಿದ್ರೆ ನಂಗೆ ನೆಮ್ಮದಿ ಕಣೇ ಭಾನು." ನಮ್ಮ ಬೆಂಚಿಗೆ ನನ್ನ ಬದಲು ಹಿಂದಿ ಮೇಷ್ಟ್ರು. ವಿಸಿಲ್ ಊದಿದರೆ ಎದ್ದು ನಿಲ್ಲುವುದಷ್ಟೇ ಅವರಿಗೆ ಗೊತ್ತು.

ಟೈಮ್ ನೋಡುವ ಶಿವಮೂರ್ತಿ ಸರ್ ಹೊಸಬರು. ಫೋನಿನಲ್ಲಿ ಪಾಠ ಮಾಡಿದೆ. ರೆಫ್ರಿ ಇಬ್ಬರ ನಡುವೆ ಬಾಲ್ ಮೇಲಕ್ಕೆಸೆಯುವ ಜಂಪ್ ಬಾಲ್ ಮ್ಯಾಚ್ ಶುರುವಿಗೆ ಒಂದೇ ಸಲ. ಆಮೇಲೆ ಇಬ್ಬರು ಒಂದೇ ಬಾಲ್ ಹಿಡಿದು ಎಳೆದಾಡಿದರೆ ರೆಫ್ರಿ ಎರಡೂ ಹೆಬ್ಬೆರಳು ಎತ್ತುತ್ತಾರೆ. ಬಾಣ ಯಾರ ಕಡೆಗೋ ಬಾಲ್ ಅವರಿಗೆ. ಅವರು ಬಾಲ್ ಒಳಗೆ ಕೊಟ್ಟ ಕೂಡಲೇ ಬಾಣ ತಿರುಗಿಸಬೇಕು — ಮುಂದಿನ ಸರದಿ ಇನ್ನೊಬ್ಬರದು. ಎರಡನೇ ಕ್ವಾರ್ಟರ್‌ನಿಂದ ಆಟ ಶುರುವಾಗುವುದೂ ಹೀಗೆಯೇ. ಹಾಫ್ ಟೈಮಿನಲ್ಲಿ ತಂಡಗಳು ಕಡೆ ಬದಲಿಸುತ್ತವೆ. ಆಗ ಸರದಿ ಬದಲಾಗದಿದ್ದರೂ ಬಾಣ ಒಂದು ಸಲ ತಿರುಗಲೇಬೇಕು. "ಎಲ್ಲರೂ ಎಡವೋದು ಇಲ್ಲೇ ಸರ್, ಮರೀಬೇಡಿ," ಅಂದೆ. ದೊಡ್ಡ ಪಂಡಿತೆ.

ಸೆಪ್ಟೆಂಬರ್ 9, ಮಂಗಳವಾರ. ಸಂಜೆ 5

ಗೆದ್ದೆವು. 31–30.

ಕೊನೆಯ ಏಳು ಸೆಕೆಂಡ್. ನಮ್ಮ ಕ್ಯಾಪ್ಟನ್ ಪಲ್ಲವಿ, ಅವರ ಕ್ಯಾಪ್ಟನ್ ಕವನ, ಇಬ್ಬರೂ ಒಂದೇ ಬಾಲಿನ ಮೇಲೆ ಬಿದ್ದರು. ಬಿಡಲೊಲ್ಲರು. ರೆಫ್ರಿಯ ಹೆಬ್ಬೆರಳು ಎರಡೂ ಮೇಲೆ. ಬಾಣ ನಮ್ಮ ಕಡೆ. ಕವನ ಟೇಬಲ್‌ಗೆ ಓಡಿ ಬಂದಳು.

"ಮೇಡಂ, ಬಾಣ ನಮ್ದಲ್ವಾ? ನಾನು ಎಣಿಸ್ಕಂಡೇ ಬಂದಿವ್ನಿ."

"ಬಾಣ ನೋಡು. ನನ್ನ ಮುಖ ನೋಡಬೇಡ," ಗದರಿದೆ. ಬಾಲ್ ನಮಗೆ ಬಂತು, ಟೈಮ್ ಮುಗಿಯಿತು.

ಆಮೇಲೆ ಹುಡುಗಿ ಪೆನ್ ಕೇಳಿದಳು. ಸ್ಕೋರ್ ಶೀಟಿನ ಕೆಳಗೆ, ತಕರಾರಿದ್ದರೆ ಕ್ಯಾಪ್ಟನ್ ಸಹಿ ಹಾಕುವ ಜಾಗವಿದೆ. ಅಲ್ಲಿ ಹಾಕದಿದ್ದರೆ ಮುಂದೆ ಯಾರೂ ಕೇಳುವುದಿಲ್ಲ. ಇಂದ್ರಾಣಿ ಬಂದು ಅವಳ ಕೈ ಹಿಡಿದಳು. "ಬಾಣ ತಿರುಗಿಸೋರು ಭಾನು ಮೇಡಂ ಕಣವ್ವ. ಅವರು ತಪ್ಪು ಮಾಡಲ್ಲ. ಬಾ." ಹುಡುಗಿ ಸಹಿ ಹಾಕದೆ ಪೆನ್ ಇಟ್ಟು ಹೋದಳು.

ಮುಡುಕುತೊರೆಯವಳು. ಹತ್ತನೇ ಕ್ಲಾಸ್. ಗೆದ್ದ ತಂಡ ಡಿವಿಷನ್ ಮಟ್ಟದ ಆಟಕ್ಕೆ ಹೋಗುತ್ತದೆ, ಸ್ಪೋರ್ಟ್ಸ್ ಹಾಸ್ಟೆಲ್‌ಗೆ ಆರಿಸುವುದು ಅಲ್ಲಿಯೇ. ಅವಳಿಗೆ ಇದೇ ಕೊನೆಯ ವರ್ಷ. ಅಯ್ಯೋ ಅನ್ನಿಸಿತು. ಆಟ ಅಂದ ಮೇಲೆ ಯಾರಾದರೂ ಸೋಲಬೇಕಲ್ಲ.

ಸೆಪ್ಟೆಂಬರ್ 10, ಬುಧವಾರ. ಮಧ್ಯಾಹ್ನ

ಊಟದ ಹೊತ್ತಿಗೆ ಶಿವಮೂರ್ತಿ ಸರ್ ಬಂದರು. ಮುಖದ ತುಂಬ ನಗು. "ನೀವು ಹಾಫ್ ಟೈಮಲ್ಲಿ ಟೀಗೆ ಹೋದ್ರಲ್ಲ ಮೇಡಂ, ಬಾಣ ಮರೆತೇ ಬಿಟ್ಟಿದ್ರಿ. ನಾನೇ ತಿರುಗಿಸಿದೆ. ನೀವೇ ಪಾಠ ಹೇಳಿದ್ದಲ್ವಾ."

ಕೈಲಿದ್ದ ತುತ್ತು ಕೈಲೇ ಉಳಿಯಿತು. ಟೀಗೆ ಏಳುವ ಮೊದಲೇ ನಾನು ತಿರುಗಿಸಿದ್ದೆ. ಇಬ್ಬರೂ ತಿರುಗಿಸಿದರೆ ಯಾರೂ ತಿರುಗಿಸದ ಹಾಗೆ. ವಾಪಸ್ ಬಂದವಳು ಸರದಿ ಯಾರದೆಂದು ಮತ್ತೆ ನೋಡಲಿಲ್ಲ.

ಹಾಫ್ ಟೈಮ್ ಆದ ಮೇಲೆ ಬಾಣ ಕೇಳಿದ್ದು ಮೂರು ಸಲ. ಮೂರನೇ ಕ್ವಾರ್ಟರ್, ನಾಲ್ಕನೇ ಕ್ವಾರ್ಟರ್, ಆ ಏಳು ಸೆಕೆಂಡ್. ಮೂರೂ ತಿರುಗುಮುರುಗು. ಕೊನೆಯ ಬಾಲ್ ಅವರದು. ಕವನ ಎಣಿಸಿದ್ದೇ ಸರಿ.

ಸರ್‌ಗೆ ಹೇಳಿದೆ. ಬಿಳುಚಿಕೊಂಡರು. "ಮೂರರಲ್ಲಿ ಮಧ್ಯದ್ದು ಅವ್ರಿಗೇ ಲಾಭ ಆಯ್ತಲ್ಲ ಮೇಡಂ... ಬಿಡಿ." ಬಿಡುವುದು ಹೇಗೆ?

ಸೆಪ್ಟೆಂಬರ್ 13, ಶನಿವಾರ

ಬರೆಯಲಿಲ್ಲ. ಇಂದ್ರಾಣಿಯ ಫೋನ್ ಎರಡು ಸಲ ಬಂತು, ಎತ್ತಲಿಲ್ಲ. ಪಲ್ಲವಿಯ ಅಮ್ಮ ತಮ್ಮೂರು ಹದಿನಾರಿನಿಂದ ಹೋಳಿಗೆ ಕಳಿಸಿದ್ದರು. ತಿಂದೆ. ತಿನ್ನಬಾರದಿತ್ತು.

ಹೇಳಿದರೆ, ತನ್ನ ಸ್ಕೂಲಿಗೆ ಅಂತ ಬೇಕಂತಲೇ ಮಾಡಿದಳು ಅಂತಾರೆ. ಹದಿನಾಲ್ಕು ವರ್ಷ ಟೇಬಲ್‌ನಲ್ಲಿ ಕೂತ ಹೆಸರು ಹೋಗುತ್ತದೆ. ಇಲ್ಲಾದರೂ ನಿಜ ಬರೆಯೋಣ — ಆ ಹುಡುಗಿಗಿಂತ ನನಗೆ ನನ್ನ ಹೆಸರಿನ ಚಿಂತೆಯೇ ಜಾಸ್ತಿ. ಥೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಮುಡುಕುತೊರೆಯಲ್ಲಿ ಕೂತಿದೆ.

ಸೆಪ್ಟೆಂಬರ್ 15, ಸೋಮವಾರ. ಸಂಜೆ, ಬಸ್ಸಿನಲ್ಲಿ

ಟಿ. ನರಸೀಪುರಕ್ಕೆ ಹೋಗಿದ್ದೆ. ಇಂದ್ರಾಣಿಗೆ ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. "ತಪ್ಪು ಯಾರಾದ್ರೂ ಮಾಡ್ತಾರೆ ಕಣೇ. ಆದ್ರೆ ಅವಳ ಕೈ ಹಿಡಿದೋಳು ನಾನು." ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಕವನಳನ್ನು ಕರೆಸಿದಳು. ನಾನೇ ಹೇಳಿದೆ, ತೊದಲಿಕೊಂಡು. ಹುಡುಗಿ ಕೇಳಿದ್ದು ಒಂದೇ.

"ಅಂಗಾರೆ ನಾನು ಎಣಿಸಿದ್ದು ಸರಿನಾ ಮೇಡಂ?"

"ಸರಿ ಕಣಮ್ಮ."

"ದೊಡ್ಡೋರು ಇಬ್ರೂ ಒಂದೇ ಮಾತು ಅಂದ್ರಲ್ಲ, ನಾನೇ ತಪ್ಪಿರ್ಬೇಕು ಅಂದ್ಕಂಡೆ. ಮನೇಲಿ ಕಲ್ಲು ಮಡಿಕ್ಕಂಡು ಎಣಿಸ್ದೆ. ದಿನಾ."

ಅವಳು ಅಳಲಿಲ್ಲ. ನಾನು ಅತ್ತೆ, ನಾಚಿಕೆಗೆಟ್ಟವಳು.

ಸೆಪ್ಟೆಂಬರ್ 16, ಮಂಗಳವಾರ

ಪತ್ರ ಬರೆದು ಜಿಲ್ಲಾ ದೈಹಿಕ ಶಿಕ್ಷಣಾಧಿಕಾರಿ ಸಾಹೇಬರಿಗೆ ಕೊಟ್ಟೆ. ಅವರ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇನ್ನು ಟೇಬಲ್ ಡ್ಯೂಟಿ ಬೇಡ ಅಂದದ್ದು ಮಾತ್ರ ಸ್ಪಷ್ಟ. ಸರಿಯೇ. "ಶೀಟಲ್ಲಿ ಸಹಿ ಇಲ್ಲ, ಫಲಿತಾಂಶ ಬದಲಾಯಿಸೋಕೆ ಆಗಲ್ಲ. ಗೆದ್ದ ತಂಡವೇ ಒಪ್ಪಿ ಬರೆದುಕೊಟ್ರೆ ಗುರುವಾರ ಇನ್ನೊಂದು ಸಲ ಆಡಿಸಬಹುದು... ನೋಡಿ." ಶುಕ್ರವಾರ ಡಿವಿಷನ್.

ಗೆದ್ದ ತಂಡ ಅಂದರೆ ಕ್ಯಾಪ್ಟನ್ ಸಹಿ. ಪಲ್ಲವಿ. ಅವಳೂ ಹತ್ತನೇ ಕ್ಲಾಸ್. ಅವಳಿಗೂ ಇದೇ ಕೊನೆ.

ಸೆಪ್ಟೆಂಬರ್ 17, ಬುಧವಾರ. 4.10

ಸ್ಪೋರ್ಟ್ಸ್ ರೂಮು. ಪಲ್ಲವಿ ಎದುರಿಗೆ ಕೂತಿದ್ದಾಳೆ. ಡಿವಿಷನ್‌ಗೆ ಅಂತ ಹೊಸ ಶೂ ಹಾಕಿದ್ದಾಳೆ.

ಒಪ್ಪಿಗೆ ಪತ್ರ ಮುಂದಿಟ್ಟೆ. "ಎಲ್ಲಿ ಮೇಡಂ?" ಅಂದವಳು ಓದದೆ ಪೆನ್ ಊರಿದಳು. ಏಳನೇ ಕ್ಲಾಸಿನಿಂದ ಅವಳು ಹೀಗೆಯೇ, ನಾನು ತೋರಿಸಿದಲ್ಲಿ ಸಹಿ. ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು. ಕಾಗದದ ಮೇಲೆ ಕೈ ಇಟ್ಟೆ.

"ಓದು ಮೊದಲು. ತಪ್ಪು ನಂದು. ಬೇಡ ಅನ್ಸಿದ್ರೆ ಹಾಕ್ಬೇಡ, ನಾನೇನೂ ಅನ್ನಲ್ಲ."

ಓದಿದಳು. "ಮೇಡಂ, ಮತ್ತೆ ಆಡಿ ಸೋತೋದ್ರೆ?"

"ಸೋತ ಹಾಗೇ."

"ನನ್ ಹಾಸ್ಟೆಲ್ಲು?"

ಅವಳು ಮತ್ತೆ ಮೊದಲಿನಿಂದ ಓದುತ್ತಿದ್ದಾಳೆ, ಬೆರಳಿಟ್ಟು, ಒಂದೊಂದೇ ಸಾಲು. ಆ ಮುಖ ನೋಡಲಾರದೆ ಇಲ್ಲಿ ಗೀಚುತ್ತಿದ್ದೇನೆ. ಹಾಕು ಅಂತ ಹೇಳಬಾರದು. ಹಾಕಬೇಡ ಅಂತಲೂ ಹೇಳಬಾರದು. ಬಾಯಿ ಬಿಟ್ಟರೆ ಮೂರನೇ ಸಲ ತಿರುಗಿಸಿದ ಹಾಗೆ.

ಬೆರಳು ಕೊನೆಯ ಸಾಲಿಗೆ ಬಂತು. ಪೆನ್ ತಗೊಂಡಳು. ಮುಚ್ಚಳದ ಸದ್ದು... ತೆಗೆದದ್ದೋ, ಹಾಕಿದ್ದೋ. ತಲೆ ಎತ್ತಿ ನೋಡಬೇಕು ಇನ್ನು.