ಬಾಯಿಬೀಗದ ಅಯ್ನೋರು

೬ ಮಾರ್ಚ್ ೧೯೯೪, ಭಾನುವಾರ. ಗವಿಕೊಪ್ಪಲು

ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು. ಮಾತ್ರೆ ಆಯಿತು. ಸ್ಲೇಟು ಒರೆಸಿಟ್ಟದ್ದೂ ಆಯಿತು. ಇನ್ನು ಇಡೀ ದಿನ ಏನು ಮಾಡಲಿ?

ನಮ್ಮ ಪಟ್ಟಣದಲ್ಲಿ ಇಷ್ಟು ಹೊತ್ತಿಗೆ ರಂಗನಾಥನ ದೇವಸ್ಥಾನದ ಮುಂದೆ ಬಸ್ಸುಗಳ ಸಾಲು. ಸ್ಕೂಲು ಮಕ್ಕಳು, ಉತ್ತರದ ಯಾತ್ರಿಕರು, ಕ್ಯಾಮೆರಾ ನೇತುಹಾಕಿಕೊಂಡ ಫಾರಿನ್ನವರು. ಅಲ್ಲಿ ನಾನು, ಗೈಡ್ ಜಯರಾಮಯ್ಯ, ಎಂದರೆ ಗಂಟಲು. ನಾಲ್ಕು ಭಾಷೆ, ಮೈಕು ಬೇಡ. ಆ ಗಂಟಲಿಗೇ ಕತ್ತರಿ ಬಿತ್ತು. ಒಳಗೆ ಗಂಟು ಬೆಳೆದಿತ್ತಂತೆ. ಮೈಸೂರಿನ ಡಾಕ್ಟರು ತೆಗೆದರು. ಯುಗಾದಿ ಕಳೆಯುವ ತನಕ ಒಂದಕ್ಷರ ಆಡಕೂಡದು, ಪಿಸುಮಾತೂ ಕೂಡದು, ಆಡಿದರೆ ದನಿಯ ಆಸೆ ಬಿಟ್ಟುಬಿಡಿ ಅಂದರು.

"ಈ ಮನುಷ್ಯ ಪಟ್ಟಣದಲ್ಲಿದ್ದು ಬಾಯಿ ಮುಚ್ಚಿಕೊಳ್ಳೋದು ಉಂಟೇ?" ಅಂತ ಭಾಗೀರಥಿ ಇಲ್ಲಿಗೆ ಅಟ್ಟಿದಳು. ಕಟ್ಟಿಕೊಂಡವಳು, ಚೆನ್ನಾಗಿ ಬಲ್ಲಳು.

ಇದು ದ್ಯಾವಯ್ಯನ ಊರು. ನಮ್ಮ ಬೀದಿಯ ಲಾಡ್ಜಿನಲ್ಲಿ ವಾಚ್‌ಮನ್ ಆಗಿದ್ದು, ವಯಸ್ಸಾಯಿತೆಂದು ಊರಿಗೆ ಮರಳಿದವನು. ಸಂತೆಬಾಚಹಳ್ಳಿಯಲ್ಲಿ ಬಸ್ಸಿಳಿದು ಗುಡ್ಡ ಹತ್ತಬೇಕು. ಬಂಡೆ, ಕಳ್ಳಿ, ಒಂದಿಷ್ಟು ಮನೆ. ಇಲ್ಲಿಗೆ ನೋಡಲೆಂದು ಯಾರೂ ಬರುವುದಿಲ್ಲ. ನೋಡುವಂಥದ್ದೇನೂ ಇಲ್ಲವಲ್ಲ. ಮೇಕೆ ಕೆಮ್ಮಿದರೂ ಕೇಳುತ್ತದೆ.

ರಾತ್ರಿ ದ್ಯಾವಯ್ಯನ ಮನೆಯಲ್ಲೇ ಮುದ್ದೆ, ಹುರುಳಿ ಸಾರು. ಭಾಗೀರಥಿಗೆ ಹೇಳುವುದಿಲ್ಲ. ಹೇಳಲು ಬಾಯಾದರೂ ಎಲ್ಲಿದೆ!

೮ ಮಾರ್ಚ್

ಒಳ್ಳೆ ಫಜೀತಿ. ನನಗೆ ಬಾಯಿಬೀಗದ ಹರಕೆ ಅಂತ ಊರೆಲ್ಲ ತೀರ್ಮಾನ ಮಾಡಿಬಿಟ್ಟಿದೆ. ಇಲ್ಲಿ ಮಾರಿಗೆ ಹರಕೆ ಹೊತ್ತವರು ಬಾಯಿಗೆ ಬೆಳ್ಳಿ ಸರಳು ಚುಚ್ಚಿಸಿಕೊಂಡು ಮೌನವಿರುತ್ತಾರೆ. ನಾನು ಕತ್ತಿನಿಂದ ಬಾಯಿಯವರೆಗೆ ಸುತ್ತಿಕೊಂಡ ಟವೆಲ್ಲಿನ ಒಳಗೆ ಸರಳಿದೆ ಅಂತ ಕೆಲವರ ನಂಬಿಕೆ.

ದ್ಯಾವಯ್ಯ ಹೇಳಿ ನೋಡಿದ — "ಅಯ್ನೋರ್‌ಗೆ ಗಂಟ್ಲಾಪ್ರೇಸನ್ನು ಆಗೈತೆ ಕಣ್ರಪ್ಪ."

ಪಕ್ಕದ ಮನೆಯ ಮಾರಮ್ಮ ಬಿಟ್ಟಾಳೆಯೇ? "ಬುಡಣ್ಣ, ನಮ್ ಭಾವಂಗೂ ಆಪ್ರೇಸನ್ ಆಗಿತ್ತು. ಬ್ಯಾಡ ಬ್ಯಾಡ ಅಂದ್ರೂ ಮಾತಾಡ್ತಿದ್ದ. ಇದು ಅರ್ಕೆನೇಯಾ. ಯೋಳ್ಬಾರ್ದು ಅಂತವ್ರೆ."

ಸ್ಲೇಟಿನಲ್ಲಿ 'ಇಲ್ಲ' ಎಂದು ಬರೆದು ತೋರಿಸಿದೆ. ಕೈ ಮುಗಿದಳು.

೧೧ ಮಾರ್ಚ್

ನಿನ್ನೆ ಶಿವರಾತ್ರಿ. ಇವತ್ತು ಬೆಳಿಗ್ಗೆಯಿಂದ ನಾನು ತಂಗಿರುವ ದ್ಯಾವಯ್ಯನ ಜಗಲಿಯ ಮುಂದೆ ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ. ಈ ಊರಿನ ಪದ್ಧತಿ — ಬಾಯಿಬೀಗದವರ ಕಿವಿಗೆ ಹಾಕಿದ ಮಾತು ಮಾರಿಗೇ ಮುಟ್ಟುತ್ತದಂತೆ. ಬೇರೆಯವರಿಗೆ ಹೋಗುವುದಿಲ್ಲ.

ಮಾರಮ್ಮ ಬಂದಳು. ಕೂತಳು. ಸೆರಗಿನ ತುದಿ ತಿರುಚುತ್ತ — "ನಮ್ಮತ್ತೆ ಸಾಯ್ಲಿ ಅಂತ ಬೇಡ್ಕಂಡಿದ್ದೆ ಸಾಮಿ. ಅದ್ನೈದು ದಿನಕ್ಕೇ ವೋಗ್ಬುಟ್ಳು. ನಾನೇ ಕೊಂದಂಗಾಯ್ತಾ?"

ಜೀವಮಾನವೆಲ್ಲ ನಾನು ಮಾತಾಡಿದೆ, ಜನ ಕೇಳಿದರು. ಕೇಳುವವನ ಕಷ್ಟ ಈಗ ಗೊತ್ತಾಯಿತು. ತಲೆಯಾಡಿಸಿದರೆ ಹೌದೋ ಇಲ್ಲವೋ ಎಂದಾಗುತ್ತದೆ ಅಂತ ಅದನ್ನೂ ಆಡಿಸಲಿಲ್ಲ. ಅತ್ತಳು. ಹಗುರಾಗಿ ಎದ್ದು ಹೋದಳು. ಭಾರ ನನ್ನ ಮೇಲೆ.

೧೫ ಮಾರ್ಚ್

ದ್ಯಾವಯ್ಯನ ತಾಯಿ ಸಿದ್ದಲಿಂಗಮ್ಮ. ಕಣ್ಣು ಹೋಗಿ ಬಹಳ ಕಾಲ. ಈಗ ಕಾಲೂ ಏಳುವುದಿಲ್ಲ, ನಡುಮನೆಯಲ್ಲಿ ಚಾಪೆಯ ಮೇಲೆ. ಆಕೆಗೆ ಸ್ಲೇಟೂ ಒಂದೇ ಗೋಡೆಯೂ ಒಂದೇ. ನಾನು ಹತ್ತಿರ ಕೂತರೆ ಕೈ ತಡವಿ ಹಿಡಿದುಕೊಳ್ಳುತ್ತಾಳೆ.

"ಪಟ್ಣದ ಅಯ್ನೋರಂತೆ. ರಂಗನಾಥನ್ನ ದಿನಾ ನೋಡೋರು. ಮಗ ಅಲ್ಲೇ ಇದ್ದ, ಕರ್ಕಂಡೋಯ್ತೀನಿ ಬಾರವ್ವ ಅಂತಿದ್ದ. ಒಂದ್ಸಲ ಎಮ್ಮೆ ಈಯ್ತು. ಒಂದ್ಸಲ ಕಣ ಇತ್ತು. ಆಮ್ಯಾಕೆ ಕಣ್ಣೇ ವೋಯ್ತು." ನನ್ನ ಬೆರಳು ಒತ್ತಿ — "ಮಲಗಿರೋ ದೇವ್ರಂತಲ್ಲ ಸಾಮಿ, ನನ್ನಂಗೇಯ. ಯಾವ ಕಡೀಕೆ ತಲೆ ಆಕ್ಕಂಡವ್ನೆ?"

ದ್ಯಾವಯ್ಯನನ್ನು ನೋಡಿದೆ. ಅವನು ಪೆಚ್ಚಾಗಿ, "ನೈಟ್ ಡೂಟಿ ಅಯ್ನೋರೆ. ಗುಡಿ ತೆಗಿಯೋ ವೊತ್ಗೆ ಮನಿಕಂಡ್ಬುಡ್ತಿದ್ದೆ. ಒಳೀಕೆ ಸರ್ಯಾಗಿ ವೋಗ್ಲೇ ಇಲ್ಲ" ಅಂದ. ಅಷ್ಟು ವರ್ಷ ಗುಡಿಯ ಬೀದಿಯಲ್ಲೇ ಇದ್ದವನು! ಬಯ್ಯಬೇಕೆನಿಸಿತು. ಬಯ್ಯುವ ಹಾಗೂ ಇಲ್ಲ.

ಸಾವಿರ ಸಲ ಹೇಳಿದ ಉತ್ತರ. ನಾಲಗೆಯ ತುದಿಯಲ್ಲೇ ಇತ್ತು. ನುಂಗಿದೆ.

೨೩ ಮಾರ್ಚ್

ಮುದುಕಿ ಗಂಜಿ ಬಿಟ್ಟಿದ್ದಾಳೆ. ದಿನಾ ಅದೇ ಪ್ರಶ್ನೆ. ದೇವರ ತಲೆ ಎತ್ತ ಎಂದು ಆಕೆಯ ಅಂಗೈ ಮೇಲೆ ಬೆರಳಿನಿಂದ ಗೀರಿ ತೋರಿಸಿದೆ. "ಕಚಗುಳಿ ಇಕ್ಬ್ಯಾಡಿ ಸಾಮಿ" ಅಂತ ನಕ್ಕಳು.

ದ್ಯಾವಯ್ಯನಿಗೆ ಬರೆದು ತೋರಿಸಿದರೆ ಅವನೇ ಹೇಳಿಯಾನು. ಬರೆದೆ. ಅವನು ಕಷ್ಟಪಟ್ಟು ಓದಿ ಜೋರಾಗಿ ಹೇಳಿದ. ಆಕೆ ಮುಖ ತಿರುಗಿಸಿದಳು — "ನೀನ್ ನೋಡಿದ್ದೀಯೇನ್ಲಾ? ನೋಡ್ದೋರು ಯೋಳ್ಬೇಕು."

೨೬ ಮಾರ್ಚ್, ಮಧ್ಯಾಹ್ನ ಮೂರು

ಈಗಲೇ ಬರೆದಿಡಬೇಕು.

ದ್ಯಾವಯ್ಯ ನಾಗಮಂಗಲಕ್ಕೆ ಡಾಕ್ಟರನ್ನು ಕರೆತರಲು ಹೋದ. ಮನೆಯಲ್ಲಿ ಆಕೆ, ನಾನು. ಉಸಿರು ಎಳೆದು ಎಳೆದು ಬರುತ್ತಿತ್ತು.

"ವೊಂಟಿವ್ನಿ ಸಾಮಿ. ಅರ್ಕೆ ಮುರೀಬ್ಯಾಡಿ. ಕೈ ಇಡ್ಕಂಡಿರಿ, ಸಾಕು."

ಸಾಕು ಅಂದದ್ದಕ್ಕೇ ತಡೆಯಲಾಗಲಿಲ್ಲ. ಯುಗಾದಿಗೆ ಇನ್ನೆಷ್ಟು ದಿನ, ಡಾಕ್ಟರು ಏನಂದರು, ಎಲ್ಲ ನೆನಪಿತ್ತು. ಭಯವೂ ಇತ್ತು. ಬಾಯಿ ತೆರೆದೆ. ಬಂದ ದನಿ ನನ್ನದಲ್ಲ, ಒಡೆದ ಮಡಕೆಯ ಸದ್ದು.

"ಸಿದ್ದಲಿಂಗಮ್ಮ, ಬಸ್ಸು ಪಾಂಡವಪುರ ದಾಟ್ತು. ಈಗ ಸೇತುವೆ. ಹೊಳೆ ಸದ್ದು ಕೇಳಿಸ್ತಾ?"

ಬೆಚ್ಚಿದಳು. ಕೈ ಬಿಗಿಯಾಯಿತು. "ಕೇಳ್ತೈತೆ" ಅಂದಳು.

ಮಾತಿನಲ್ಲೇ ಕೋಟೆ ದಾಟಿಸಿದೆ. ಗೋಪುರದ ಮುಂದೆ ಚಪ್ಪಲಿ ಬಿಡಿಸಿದೆ. ಕಾಲಿಗೆ ಕಲ್ಲು ಹಾಸು ತಣ್ಣಗೆ ತಗಲಿಸಿದೆ. "ಈಗ ಒಳಗೆ. ನಿಂತ್ಕೊಳ್ಳಿ. ಕಣ್ಣಿಗೆ ಸ್ವಲ್ಪ ಹೊತ್ತು ಬೇಕು. ಇಲ್ಲಿ ಮೊದಲು ಎಲ್ಲರೂ ಕುರುಡರೇ."

"ಎಲ್ರೂವಾ?"

"ಎಲ್ಲರೂ. ಮಹಾರಾಜರು ಬಂದ್ರೂ."

ನಕ್ಕಳು. ಜೋಕು ಹೇಳಿ ನಗಿಸುವುದು ನನ್ನ ಹೊಟ್ಟೆಪಾಡು. ಆದರೆ ಇಂಥ ನಗುವಿಗೆ ಮಾತಾಡಿದ್ದು ಇದೇ ಮೊದಲು.

"ದೀಪ ಎತ್ತಿದ್ರು. ನೋಡಿ. ಕಪ್ಪು ಕಲ್ಲು, ಆಳಿಗಿಂತ ಉದ್ದ. ಹಾಸಿಗೆ ಹಾವಿಂದು. ತಲೆ ನಮ್ಮ ಎಡಕ್ಕೆ..."

"ಎಡಕ್ಕೆ," ಅಂದಳು. ತಾನೂ ಕತ್ತು ಎಡಕ್ಕೆ ಹೊರಳಿಸಿದಳು. "ಕಾಲ್‌ತಾವ ಯಾರವ್ರೆ?"

ಅಲ್ಲಿಗೆ ದನಿ ನಿಂತಿತು. ತೆರೆದ ಬಾಯಿ ತೆರೆದೇ ಇತ್ತು. ಗಾಳಿಯೂ ಬರಲಿಲ್ಲ. ಬಾಯಲ್ಲಿ ರಕ್ತದ ರುಚಿ.

ರಂಗನಾಥನ ಪಾದದ ಬಳಿ ಕಾವೇರಿ ಕೂತಿರುವ ಹಾಗೆ, ಎದ್ದು ಹೋಗಿ ಆಕೆಯ ಕಾಲ ಬಳಿ ಕೂತೆ. ಎರಡೂ ಪಾದ ಹಿಡಿದುಕೊಂಡೆ. ಒಡೆದ ಹಿಮ್ಮಡಿ, ತಣ್ಣಗಿತ್ತು.

"ಓ... ಕಾವೇರಮ್ಮ," ಅಂದಳು. "ಕುಂತವ್ಳೆ."

೨೯ ಮಾರ್ಚ್

ಸಿದ್ದಲಿಂಗಮ್ಮ ನಿನ್ನೆ ಹೋದಳು. ಸಾಯುವ ಮುಂಚೆ ಮಾರಮ್ಮನನ್ನು ಕೂರಿಸಿಕೊಂಡು ಪಟ್ಟಣ ನೋಡಿಬಂದ ವಿಷಯವೆಲ್ಲ ಹೇಳಿದಳಂತೆ, ಬಸ್ಸಿನಿಂದ ಹಿಡಿದು. ಹರಕೆ ಮುರಿದದ್ದಕ್ಕೆ ಊರು ಏನನ್ನುವುದೋ ಎಂದಿದ್ದೆ. ಮಣ್ಣು ಹಾಕುವಾಗ ನನ್ನನ್ನು ಮುಂದೆ ಕರೆದರು.

ಗಂಟಲು ಊದಿದೆ.

೧೩ ಏಪ್ರಿಲ್. ಮೈಸೂರು

ಡಾಕ್ಟರು ಗಂಟಲಿಗೆ ಕನ್ನಡಿ ಇಳಿಬಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. "ಮಾತಾಡಿದಿರಾ?" ಹೌದೆಂದು ತಲೆಯಾಡಿಸಿದೆ. ಯಾರ ಹತ್ತಿರ ಎಂದು ಕೇಳಲಿಲ್ಲ. ದನಿ ಇನ್ನು ಬರುವುದಿಲ್ಲ ಅಂದರು.

ಬಸ್ಸಿನಲ್ಲಿ ಭಾಗೀರಥಿ ಕಿಟಕಿ ಕಡೆ ತಿರುಗಿ ಅತ್ತಳು. ನನಗೂ ಅಳು ಬಂತು. ಅಳುವಿಗೂ ಸದ್ದಿಲ್ಲ.

೨೨ ಮೇ, ಭಾನುವಾರ. ಪಟ್ಟಣ

ಬೆಳಿಗ್ಗೆ ಬಾಗಿಲಲ್ಲಿ ದ್ಯಾವಯ್ಯ. ಹಿಂದೆ ಗವಿಕೊಪ್ಪಲಿನ ಹೆಂಗಸರು, ಮಾರಮ್ಮನೇ ಮುಂದಾಳು. ರಂಗನಾಥನನ್ನು ನೋಡಲು ಬಂದಿದ್ದಾರೆ. "ಅವ್ವ ನೋಡಿದ್ನ ನಾವೂ ನೋಡ್ಬುಡಾದು ಅಂತ, ಅಯ್ನೋರೆ," ಅಂದ ದ್ಯಾವಯ್ಯ.

ಕರೆದುಕೊಂಡು ಹೋದೆ. ಬೇರೆ ಗೈಡುಗಳು ಕೂಗುತ್ತಿದ್ದರು. ಹೊಟ್ಟೆ ಉರಿಯಿತು, ಸುಳ್ಳೇಕೆ. ಇವರಿಗೆ ನಾನೇನು ತೋರಿಸಲಿ? ಒಳಗೆ ಕಾಲಿಟ್ಟೆವು. ಕತ್ತಲು. ಹೆಂಗಸರು ತಡವರಿಸಿದರು.

ಮಾರಮ್ಮನ ದನಿ — "ನಿಂತ್ಕಳ್ರೇ. ಕಣ್ಗೆ ಒಸಿ ವೊತ್ತು ಬೇಕು. ಇಲ್ಲಿ ಮೊದ್ಲು ಎಲ್ರೂ ಕುರುಡ್ರೇಯಾ."

ಕಂಬ ಹಿಡಿದುಕೊಂಡೆ.

"ಮಾರಾಜ್ರು ಬಂದ್ರೂವೇ," ಅಂದಳು. ಎಲ್ಲರೂ ನಕ್ಕರು. ದೀಪ ಎತ್ತಿದರು. "ನೋಡ್ರೇ, ತಲೆ ನಮ್ ಎಡಕ್ಕೆ."

ಜೊತೆಗಿದ್ದ ಒಬ್ಬ ಮುದುಕಿ ಕೇಳಿದಳು — "ಕಾಲ್‌ತಾವ ಯಾರವ್ವ?"

ಮಾರಮ್ಮ ಅಷ್ಟು ಜನರ ನಡುವೆ ಕೆಳಗೆ ಕೂತು, ಆ ಮುದುಕಿಯ ಎರಡೂ ಪಾದ ಹಿಡಿದುಕೊಂಡಳು.